ಮಾಲೆ ತೆಗೆದ ಮೇಲಿನ ಸಂಜೆಗಳು

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ನಿಮಗೆಂದು ಒಂದು ಕುರ್ಚಿ ಇರುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರಿಗೆ ಕೋಣೆ ಇದೆ, ಮಾತ್ರೆ ಕೊಡುವವರಿಗೆ ಕಿಟಕಿ ಇದೆ, ರಕ್ತ ಪರೀಕ್ಷೆಯವರಿಗೆ ಮೇಜು ಇದೆ. ಜಿಲ್ಲೆಯಿಂದ ವಾರಕ್ಕೊಮ್ಮೆ ಬಂದುಹೋಗುವ ಮಾನಸಿಕ ಆರೋಗ್ಯದ ನರ್ಸಿಗೆ ಸಿಕ್ಕಿದಲ್ಲಿ ಜಾಗ. ನಾನು ಎಷ್ಟೋ ವರ್ಷ ಲಸಿಕೆ ಫ್ರಿಜ್ಜಿನ ಪಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಕೆಲಸ ಮಾಡಿದೆ. ಎಲ್ಲರೂ ಮರ್ಯಾದೆಯಿಂದ 'ಬನ್ನಿ ಸಿಸ್ಟರ್' ಎನ್ನುತ್ತಿದ್ದರು. ಊಟದ ಹೊತ್ತಿಗೆ ತಮ್ಮ ತಮ್ಮ ಡಬ್ಬಿ ಹಿಡಿದು ಒಳಗಿನ ಕೋಣೆಗೆ ಹೋಗುತ್ತಿದ್ದರು. ಅವರದೇನೂ ತಪ್ಪಿಲ್ಲ. ವಾರಕ್ಕೊಮ್ಮೆ ಕಾಣುವವಳ ಮುಂದೆ ಮನೆ ವಿಷಯ ಮಾತಾಡುತ್ತಾ ಉಣ್ಣಲು ಯಾರಿಗೂ ಆಗುವುದಿಲ್ಲ.

ನಾನು ಕಲಿತ ನರ್ಸಿಂಗ್ ಶಾಲೆಯ ಹಾಸ್ಟೆಲಿನಲ್ಲಿ ಹಾಸಿಗೆಯ ಹೊದಿಕೆ ಸುಕ್ಕಿಲ್ಲದಂತಿದೆಯೇ ಎಂದು ವಾರ್ಡನ್ ನೋಡಿದ ಮೇಲೆಯೇ ತಿಂಡಿ. ಆ ಶಿಸ್ತೇ ಮುಂದೆ ನನ್ನನ್ನು ನಡೆಸಿತು. ಸೋಮವಾರ ನೆಲಮಂಗಲ, ಮಂಗಳವಾರ ಹೊಸಕೋಟೆ, ಬುಧವಾರ ಕುಂದಾಣದ ಕಡೆ, ಗುರುವಾರ ಮಧುರೆಯ ಕಡೆ, ಶುಕ್ರವಾರ ಕಚೇರಿ. ಹಬ್ಬಕ್ಕೆ ರಜೆ ಬಂದರೆ ಮಾತ್ರ ಈ ಸಾಲು ತಪ್ಪುತ್ತಿತ್ತು. ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲವಾದ್ದರಿಂದ ಬಸ್ಸು ತಡವಾದರೂ ಯಾರಿಗೂ ಫೋನು ಮಾಡಬೇಕಾಗುತ್ತಿರಲಿಲ್ಲ.

ಜನ ನನ್ನನ್ನು 'ಕುಡಿತ ಬಿಡಿಸೋ ನರ್ಸಮ್ಮ' ಎಂದು ತಿಳಿದಿದ್ದರು. ನನ್ನ ಕೆಲಸ ಅದಾಗಿರಲಿಲ್ಲ. ಕುಡಿಯುವವರನ್ನು ದಿನವೂ ನೋಡುವವರು ಹಳ್ಳಿಯ ಡಾಕ್ಟರು, ನರ್ಸು, ಆಶಾ ಕಾರ್ಯಕರ್ತೆಯರು. ಹೊಟ್ಟೆ ಉರಿ, ಬಿ.ಪಿ., ಬಿದ್ದ ಗಾಯ, ನಿದ್ದೆಯಿಲ್ಲ ಎಂದುಕೊಂಡು ಕುಡಿಯುವವನು ಅವರ ಬಳಿ ಬರುತ್ತಾನೆ. ಒಂದೊಂದಕ್ಕೂ ಒಂದೊಂದು ಮಾತ್ರೆ ಸಿಗುತ್ತದೆ. ಕುಡಿತದ ಮಾತು ಮಾತ್ರ ಬರುವುದಿಲ್ಲ. ಯಾಕೆಂದು ಕೇಳಿದಾಗ ಹಿರಿಯ ಡಾಕ್ಟರೊಬ್ಬರು ನೇರವಾಗಿ ಹೇಳಿದ್ದರು: "ಕೇಳಿದ್ರೆ ಹೌದು ಅಂತಾನೆ. ಹೌದು ಅಂದ್ರೆ ಮುಂದೇನು ಮಾಡ್ಬೇಕು ಅಂತ ನಂಗೆ ಗೊತ್ತಿಲ್ಲ. ಅದಕ್ಕೇ ಕೇಳಲ್ಲ." ಆ ಮುಂದಿನದನ್ನು ಹೇಳಿಕೊಡುವುದು, ಅವರ ಪಕ್ಕ ಕುಳಿತು ರೂಢಿ ಮಾಡಿಸುವುದು ನನ್ನ ಕೆಲಸ.

ನಾನು ಕಲಿಸಿದ್ದರಲ್ಲಿ ಯಾವುದು ನಿಂತಿತು, ಯಾವುದು ಬಿದ್ದಿತು ಎಂಬುದು ನನಗೆ ಗೊತ್ತಾಗಿದ್ದು ಒಬ್ಬ ಮನುಷ್ಯನಿಂದ. ಅವನ ಹೆಸರು ಮುನಿರಾಜು ಎಂದಿಟ್ಟುಕೊಳ್ಳಿ. ಗುರುವಾರದ ಕಡೆಯ ಒಂದು ಹಳ್ಳಿಯ ನೀರುಗಂಟಿ. ಬೆಳಗ್ಗೆ, ಸಂಜೆ ಓವರ್‌ಹೆಡ್ ಟ್ಯಾಂಕಿನಿಂದ ಒಂದೊಂದು ಬೀದಿಗೆ ವಾಲ್ವ್ ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಕುಡಿತ ಬಿಡದಿದ್ದರೆ ಅವನು ಉಳಿಯುವುದಿಲ್ಲ ಎಂಬ ಸ್ಥಿತಿಗೆ ಬಂದಾಗ ಅವನಿಗೆ ಆಗಷ್ಟೇ ನಲವತ್ತು ದಾಟಿತ್ತು.

ಮೊದಲ ಸಲ ನೋಡಿದಾಗ ಅವನು ಸರದಿಯಲ್ಲಿ ನಿಂತಿದ್ದ. ಡಾಕ್ಟರ್ ಶ್ವೇತಾ ಆ ಕೇಂದ್ರಕ್ಕೆ ಆಗ ತಾನೇ ಬಂದಿದ್ದ ಹುಡುಗಿ. ಚುರುಕು, ಮುಂಗೋಪ, ಒಳ್ಳೆಯ ಕೈಗುಣ. ಸರದಿ ಎನ್ನುವುದು ಅವರ ಮೇಜಿನ ಅಂಚಿನವರೆಗೂ ಬಂದು ನಿಲ್ಲುತ್ತಿತ್ತು. ಒಬ್ಬರ ನೋವನ್ನು ಹಿಂದಿನ ಹತ್ತು ಜನ ಕೇಳಿಸಿಕೊಂಡು ತಲೆಯಾಡಿಸುತ್ತಿದ್ದರು.

"ಹೊಟ್ಟೆ ಉರಿ ಮೇಡಂ," ಎಂದ ಮುನಿರಾಜು.

"ಕುಡೀತೀರಾ?"

"ಇಲ್ಲ ಮೇಡಂ."

ಹಿಂದಿನಿಂದ ಒಬ್ಬ ಮುದುಕ, "ಅವ್ನು ನೀರುಗಂಟಿ ಕಣವ್ವ. ನೀರು ಬಿಟ್ರೆ ಬೇರೆ ಏನೂ ಮುಟ್ಟಾಕಿಲ್ಲ!" ಎಂದ. ಸರದಿಯೆಲ್ಲ ನಕ್ಕಿತು. ಮುನಿರಾಜುವೂ ನಕ್ಕ. ಡಾಕ್ಟರು ಮಾತ್ರೆ ಬರೆದರು.

ಜನ ಕರಗಿದ ಮೇಲೆ ಶ್ವೇತಾ ನನ್ನ ಕಡೆ ತಿರುಗಿದರು. "ಕೇಳಿದ್ನಲ್ಲ ಸಿಸ್ಟರ್? ಇಲ್ಲ ಅಂದ್ರು. ಇನ್ನೇನ್ ಮಾಡ್ಲಿ?"

"ಡಾಕ್ಟ್ರೇ, ನಿಮ್ಮನ್ನ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಲ್ಲಿ ನಿಲ್ಲಿಸಿ, ಎಷ್ಟ್ ಸಲ ಫೇಲಾಗಿದ್ದೀರಿ ಅಂತ ಕೂಗಿ ಕೇಳಿದ್ರೆ ಏನ್ ಹೇಳ್ತೀರಿ?"

ಮುಖ ಕೆಂಪಾಯಿತು. ಆಮೇಲೆ ನಕ್ಕರು. ಮುಂದಿನ ಗುರುವಾರ ಹೋದಾಗ ಬೆಂಚುಗಳು ಹೊರಗೆ ಹೋಗಿದ್ದವು, ಬಾಗಿಲಿಗೆ ಆಪರೇಷನ್ನಿನ ಹಳೆಯ ಹಸಿರು ಬಟ್ಟೆ ತೂಗುತ್ತಿತ್ತು. ಇಂಥ ಕೆಲಸದಲ್ಲಿ ಒಂದು ಪರದೆ ಅರ್ಧ ತರಬೇತಿಗೆ ಸಮ. ಉಳಿದರ್ಧ ಪ್ರಶ್ನೆಯ ಸಾಲು: ಮೊದಲು ಊಟ, ನಿದ್ದೆ, ದುಡಿಮೆ ವಿಚಾರಿಸಿ. ಆಮೇಲೆ, 'ಕೆಲಸ ಮುಗಿಸ್ಕೊಂಡು ಬಂದಾಗ ಏನಾದ್ರೂ ತಗೊಳ್ಳೋ ಅಭ್ಯಾಸ ಇದೆಯಾ?' ಎಂದು, ಬೀಡಿಯ ವಿಷಯ ಕೇಳಿದಷ್ಟೇ ಸಲೀಸಾಗಿ ಕೇಳಿ. ಇದೆ ಎಂದರೆ ಬೈಯಬೇಡಿ, ಹೌಹಾರಬೇಡಿ. ಅವನ ಹೊಟ್ಟೆ ಉರಿಗೂ ಅದಕ್ಕೂ ಇರುವ ನಂಟನ್ನು ಹೇಳಿ, 'ನಿಮಗೆ ಏನನ್ನಿಸುತ್ತೆ?' ಎಂದು ಕೇಳಿ ಸುಮ್ಮನಾಗಿ. ಆ ಸುಮ್ಮನಾಗುವುದನ್ನು ಡಾಕ್ಟರುಗಳಿಗೆ ಕಲಿಸುವುದು ಎಲ್ಲಕ್ಕಿಂತ ಕಷ್ಟ.

ಪರದೆಯ ಹಿಂದೆಯೂ ಮುನಿರಾಜು, "ಯಾವಾಗ್ಲೋ ಒಂದೊಂದ್ಸಲ, ಮೈಕೈ ನೋವಿಗೆ," ಎಂದಷ್ಟೇ ಹೇಳಿದ. ಮನೆಯಲ್ಲಿ ಕೇಳಿಸೋಣವೆಂದು ಆ ಊರಿನ ಆಶಾ ಕಾರ್ಯಕರ್ತೆಗೆ ಹೇಳಿದೆವು. ತಿಂಗಳಾದರೂ ಅವಳು ಒಬ್ಬ ಗಂಡಸನ್ನೂ ಕೇಳಿರಲಿಲ್ಲ. ಶ್ವೇತಾ ರೇಗಿದರು. ಅವಳು ಸೆರಗು ಹಿಂಡುತ್ತಾ, "ಹೆಂಗ್ ಕೇಳಾದು ಮೇಡಂ? ಆ ಬೀದಿ ಪೂರ್ತಿ ನಂಗೆ ಮಾವಂದ್ರು, ಭಾವಂದ್ರು. ಅವ್ರು ಬಂದ್ರೆ ನಾನು ಎದ್ ನಿಂತ್ಕೊತೀನಿ. ಎಷ್ಟ್ ಕುಡೀತೀರಾ ಅಂತ ಕೇಳಕ್ಕಾಯ್ತದಾ?" ಎಂದಳು.

ನಾವು ಅದನ್ನು ಯೋಚಿಸಿಯೇ ಇರಲಿಲ್ಲ. ಆಶಾ ಕಾರ್ಯಕರ್ತೆ ಎಂದರೆ ಊರಿನ ಸೊಸೆ. ಸೊಸೆ ಬಾಣಂತಿಯ ಮನೆಗೆ ಹೋಗಬಲ್ಲಳು, ಮಗುವಿನ ತೂಕ ನೋಡಬಲ್ಲಳು. ಗಂಡನ ಅಣ್ಣನ ಎದುರು ಬಾಯಿ ತೆರೆಯಲಾರಳು. ಆದರೆ ಊರಿನ ಮಗಳು ಯಾರಿಗೆ ಬೇಕಾದರೂ ಏನು ಬೇಕಾದರೂ ಹೇಳಬಲ್ಲಳು. ಪಕ್ಕದ ಹಳ್ಳಿಯ ಆಶಾ ರತ್ನಾಳ ತವರು ಇದೇ ಊರು. ಆ ಒಂದು ಪ್ರಶ್ನೆಯ ಮಟ್ಟಿಗೆ ಹಳ್ಳಿಗಳನ್ನು ಅದಲುಬದಲು ಮಾಡಿ ಅವಳನ್ನು ತವರಿಗೆ ಕಳಿಸಿದೆವು. ಮುಂದೆ ಇದೇ ಪದ್ಧತಿಯನ್ನು ನಾಲ್ಕೂ ತಾಲ್ಲೂಕುಗಳಲ್ಲಿ ಹೇಳಿಕೊಟ್ಟೆ. ಯಾವ ಪುಸ್ತಕದಲ್ಲೂ ಅದು ಇರಲಿಲ್ಲ.

ರತ್ನಾ ಮುನಿರಾಜುವಿನ ಮನೆಯಂಗಳದಲ್ಲಿ ಕಾಲು ಚಾಚಿ ಕುಳಿತದ್ದನ್ನು ನಾನೇ ನೋಡಿದ್ದೇನೆ.

"ಏನಣ್ಣೋ, ಹೊತ್ತಾರೆನೇ ಕಣ್ಣು ಮೆಣಸಿನಕಾಯಿ ಆಗೈತೆ?"

"ಧೂಳು ಕಣಮ್ಮಿ."

"ಯಾವ್ ಧೂಳು? ಕ್ವಾರ್ಟರ್ ಬಾಟ್ಲಲ್ಲಿ ಬರೋ ಧೂಳಾ? ಅತ್ತಿಗೆ ಹೋಗಿ ವಾಲ್ವ್ ತಿರುಗಿಸ್ತಾಳಂತೆ, ನೀನು ಮಲ್ಗಿರ್ತೀಯಂತೆ. ನಾಚ್ಕೆ ಆಗಾಕಿಲ್ವಾ? ನಡಿ, ಎದ್ದೇಳು, ಡಾಕ್ಟ್ರಮ್ಮ ಕರೀತಾವ್ರೆ."

ಅವನು ಅಂಗಿ ಹಾಕಿಕೊಂಡು ಬಂದ. ಅಂದು ಪರದೆಯ ಹಿಂದೆ ಅವನು ಹೇಳಿದ್ದು ಕೇಳಿ ಶ್ವೇತಾ ಪೆನ್ನು ಕೆಳಗಿಟ್ಟರು. ಅವನು ದುಡ್ಡು ಕೊಟ್ಟು ಕುಡಿಯುವುದು ಕಡಿಮೆಯೇ. ಯಾರದೋ ಮನೆಯಲ್ಲಿ ಸೀಮಂತ, ಯಾರದೋ ಮನೆಗೆ ನೆಂಟರು, ಯಾರೋ ಮನೆ ಕಟ್ಟಿಸುತ್ತಿದ್ದಾರೆ. 'ಮುನಿರಾಜಣ್ಣ, ಇನ್ನೊಂಚೂರು ಹೊತ್ತು ಬುಡಣ್ಣ' ಎಂದು ಅಂಗಿ ಜೇಬಿಗೆ ಒಂದು ಮದ್ಯದ ಪ್ಯಾಕೆಟ್ಟು. ಪ್ಯಾಕೆಟ್ಟು ತಂದವನೇ ಪಕ್ಕ ಕುಳಿತು ಜೊತೆ ಕೊಡುತ್ತಿದ್ದ. ಊರಿನ ನೀರು ಅವನ ಕೈಯಲ್ಲಿತ್ತು, ಅವನ ಕುಡಿತ ಊರಿನ ಕೈಯಲ್ಲಿತ್ತು. ಕೆಟ್ಟವರು ಯಾರೂ ಅಲ್ಲ.

ಆ ಮಳೆಗಾಲದಲ್ಲಿ ಅವನು ರಕ್ತ ವಾಂತಿ ಮಾಡಿಕೊಂಡ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಉಳಿಸಿ ಕಳಿಸಿದರು. ಇನ್ನೊಮ್ಮೆ ಹೀಗಾದರೆ ಹೇಳಲಾಗದು ಎಂದು ಅಲ್ಲಿನವರು ಬರೆದದ್ದನ್ನು ಶ್ವೇತಾ ಅವನಿಗೂ ಅವನ ಹೆಂಡತಿ ಜಯಮ್ಮನಿಗೂ ಬಿಡಿಸಿ ಹೇಳಿದರು. ಊರಿಗೆ ಬಂದು ಕೆಲವು ವಾರ ತಡೆದ. ಆಮೇಲೆ ಮತ್ತೆ ಜೇಬಿಗೆ ಪ್ಯಾಕೆಟ್ಟು ಬೀಳತೊಡಗಿತು, ಮತ್ತೆ ಮೊದಲಿನಷ್ಟೇ ಆಯಿತು.

"ಬುಡಬೇಕು ಅಂತ ಐತೆ ಮೇಡಂ," ಎಂದ ಅವನು. "ಆದ್ರೆ ಕೊಡೋ ಕೈಗೆ ಬ್ಯಾಡ ಅನ್ನಕ್ಕೆ ಬಾಯೇ ಬರಾಕಿಲ್ಲ. ಬ್ಯಾಡ ಅಂದ್ರೆ, ಏನ್ಲಾ ದೊಡ್ಡ ಮನುಷ್ಯ ಆಗ್ಬಿಟ್ಯಾ ಅಂತಾರೆ." ದಾರಿಯನ್ನೂ ಅವನೇ ಹುಡುಕಿದ. "ಈ ಸಲ ಅಯ್ಯಪ್ಪನ ಮಾಲೆ ಹಾಕ್ಬಿಡ್ತೀನಿ. ಮಾಲೆ ಹಾಕ್ದೋನಿಗೆ ಯಾವ್ ನನ್ಮಗ ಎಣ್ಣೆ ಕೊಡ್ತಾನೆ?"

ನಮಗೆ ಸಂತೋಷವೋ ಸಂತೋಷ. ಶ್ವೇತಾ ಅವನ ಕೈ ಕುಲುಕಿದರು. ಮಾಲೆ ಎಂದರೆ ಕಪ್ಪು ಬಟ್ಟೆ, ತಣ್ಣೀರ ಸ್ನಾನ, ಒಂದು ಮಂಡಲ ಕಾಲ ಶುದ್ಧ ಬದುಕು. ಊರಿನ ಗುರುಸ್ವಾಮಿ ಹಿಟ್ಟಿನ ಗಿರಣಿ ನಡೆಸುವ ಹನುಮಂತರಾಯಪ್ಪ. ಎಷ್ಟೋ ವರ್ಷಗಳಿಂದ ಹುಡುಗರಿಗೆ ಮಾಲೆ ಹಾಕಿ ಬೆಟ್ಟಕ್ಕೆ ಕರೆದೊಯ್ಯುವವರು. ಅವರ ಕೈಯಿಂದ ಮುನಿರಾಜು ಮಾಲೆ ಹಾಕಿಸಿಕೊಂಡ. ಹಿಂದಿನ ಸಂಜೆಯವರೆಗೂ ಕುಡಿದಿದ್ದವನು, ಅಂದಿನಿಂದ ಒಂದು ತೊಟ್ಟೂ ಮುಟ್ಟಲಿಲ್ಲ.

ಓದುವ ನೀವು ನರ್ಸೋ ಡಾಕ್ಟರೋ ಆಗಿದ್ದರೆ ಇಲ್ಲಿಗೇ ಎದೆ ಧಸಕ್ಕೆನ್ನಬೇಕು. ದಿನವೂ ಅಷ್ಟು ಕುಡಿಯುವವನು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ದೇಹ ತಿರುಗಿ ಬೀಳುತ್ತದೆ: ನಡುಕ, ಬೆವರು, ಫಿಟ್ಸು, ಇಲ್ಲದ್ದು ಕಾಣುವುದು, ಕೆಲವೊಮ್ಮೆ ಸಾವು. ಪ್ರತಿ ತರಬೇತಿಯಲ್ಲೂ ನಾನು ಇದನ್ನು ಹಲಗೆಯ ಮೇಲೆ ಬರೆದು ಓದಿಸುತ್ತಿದ್ದೆ. ಶ್ವೇತಾ ಅದನ್ನು ಪರೀಕ್ಷೆಗೆ ಓದಿ ಬಂದವರು. ಆದರೂ ಮುನಿರಾಜು 'ಮಾಲೆ' ಎಂದಾಗ ನಮ್ಮಿಬ್ಬರಿಗೂ ದೇವರು ಕೇಳಿಸಿತು, 'ಒಮ್ಮೆಗೇ ನಿಲ್ಲಿಸುವುದು' ಕೇಳಿಸಲಿಲ್ಲ. ಬೇರೆ ಯಾವ ನಾಡಿನ ಡಾಕ್ಟರಾದರೂ ಈ ತಪ್ಪು ಮಾಡುತ್ತಿದ್ದರೋ ಇಲ್ಲವೋ.

ಮಾಲೆ ಹಾಕಿದ ಮೂರನೆಯ ದಿನ, ಗುರುವಾರ ಮಧ್ಯಾಹ್ನ, ಜಯಮ್ಮ ಬರಿಗಾಲಲ್ಲಿ ಓಡಿ ಬಂದಳು. "ನಮ್ಮನೆಯವ್ರಿಗೆ ಮೈಮೇಲೆ ಬಂದೈತೆ ಅಂತ ಜನ ಸೇರವ್ರೆ ಸಿಸ್ಟ್ರಮ್ಮ. ಎಲ್ರೂ ಕೈ ಮುಗೀತಾವ್ರೆ. ನಂಗ್ಯಾಕೋ ಭಯ ಆಯ್ತೈತೆ."

ಗಿರಣಿಯ ಪಕ್ಕದ ಚಪ್ಪರದಲ್ಲಿ ಕಪ್ಪು ಪಂಚೆಯ ಸ್ವಾಮಿಗಳ ನಡುವೆ ಮುನಿರಾಜು ಕುಳಿತಿದ್ದ. ಮೈಯೆಲ್ಲ ಬೆವರು, ಗಂಧ ಕರಗಿ ಮೂಗಿನ ಮೇಲೆ ಇಳಿದಿತ್ತು. ಎರಡೂ ಕೈಗಳಿಂದ ಗಾಳಿಯಲ್ಲಿ ಏನನ್ನೋ ಹಿಡಿದು ತಿರುಗಿಸುತ್ತಿದ್ದ. ಮುಂದೆ ಕರ್ಪೂರ ಉರಿಯುತ್ತಿತ್ತು. ಒಬ್ಬ ಹೆಂಗಸು ಸೆರಗೊಡ್ಡಿ ಕೇಳಿದಳು: "ಸ್ವಾಮಿ, ನಮ್ಮ ಹೊಸ ಬೋರಲ್ಲಿ ನೀರು ಬತ್ತದಾ?"

"ಮುಚ್ರೋ... ಮೇಲ್ಗಡೆ ಬೀದಿ ಮುಚ್ರೋ," ಎಂದು ಅವನು ಕೂಗಿದ. "ತುಂಬಿ ಹರೀತೈತೆ. ಎಲ್ಲಾ ಕಡೆ ಹರೀತೈತೆ!"

"ತುಂಬಿ ಹರೀತದಂತೆ!" ಎಂದು ಆ ಹೆಂಗಸು ಕಣ್ಣೀರು ಹಾಕಿದಳು. ಸುತ್ತಲೂ ಶರಣು ಕೂಗು ಎದ್ದಿತು. ಅವನು ವಾಲ್ವ್ ತಿರುಗಿಸುತ್ತಿದ್ದಾನೆಂದು ಆ ಗುಂಪಿನಲ್ಲಿ ಜಯಮ್ಮನಿಗೂ ನಮಗೂ ಮಾತ್ರ ತಿಳಿಯಿತು.

ಶ್ವೇತಾ ಚಪ್ಪಲಿ ಬಿಟ್ಟು ಒಳಗೆ ಹೋಗಿ ನಾಡಿ ಹಿಡಿದರು. ನೇರ ಗುರುಸ್ವಾಮಿಯ ಮುಂದೆ ಕುಳಿತರು.

"ಗುರುಸ್ವಾಮಿ, ಇದು ದೇವರೋ ಅಲ್ವೋ ನಂಗೆ ಗೊತ್ತಿಲ್ಲ. ಇವರಿಗೆ ಜ್ವರ ಇದೆ, ನಾಡಿ ಓಡ್ತಾ ಇದೆ. ಇದು ಕುಡಿತ ಒಮ್ಮೆಗೇ ನಿಲ್ಲಿಸಿದ್ದಕ್ಕೆ ಬಂದಿರೋದು. ಇಲ್ಲೇ ಇದ್ರೆ ಸಂಜೆ ಹೊತ್ತಿಗೆ ಹೋಗ್ಬಿಡ್ತಾರೆ."

ಒಬ್ಬ ಯುವಕ ಅಡ್ಡ ಬಂದ. "ಮಾಲೆ ಹಾಕ್ದೋನು ಆಸ್ಪತ್ರೇಲಿ ಮಲಗಂಗಿಲ್ಲ ಮೇಡಂ. ವ್ರತ ಕೆಡ್ತದೆ. ಮಾಲೆ ತೆಗ್ದು ಕರ್ಕೊಂಡೋಗಿ."

ಮುನಿರಾಜು ಕೊರಳಿನ ಮಣಿಗಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಅಷ್ಟೊಂದು ಭ್ರಮೆಯಲ್ಲೂ ಆ ಮಾತು ಅವನಿಗೆ ತಲುಪಿತ್ತು.

ಹನುಮಂತರಾಯಪ್ಪ ಎದ್ದು ನಿಂತರು. "ಮಾಲೆ ಹಾಕ್ದೋನು ನಾನು. ತೆಗೆಯೋನೂ ನಾನೇ. ವ್ರತ ಕೆಟ್ರೆ ನನ್ ತಲೆ ಮೇಲಿರ್ಲಿ. ಎತ್ರಿ ಸ್ವಾಮೀನ."

ಕೇಂದ್ರದಲ್ಲಿ ಶ್ವೇತಾ ಇಂಜೆಕ್ಷನ್ ಕೊಟ್ಟರು. ಇಲ್ಲಿ ಒಂದು ಮಾತು ನೆನಪಿಡಿ: ಕುಡಿಯುವವನಿಗೆ ಸುಸ್ತೆಂದು ಬರೀ ಗ್ಲೂಕೋಸ್ ಏರಿಸಬೇಡಿ, ಮೊದಲು ವಿಟಮಿನ್ ಬಿ-1, ಆಮೇಲೆ ಗ್ಲೂಕೋಸ್. ಆಂಬುಲೆನ್ಸಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಸಾಗಿಸಿದೆವು. ಗುರುಸ್ವಾಮಿ ಜೊತೆಗೇ ಹತ್ತಿದರು. ಅಲ್ಲಿದ್ದಷ್ಟು ದಿನವೂ ತಾವೇ ಮಡಿಯಲ್ಲಿ ಅನ್ನ ಮಾಡಿ ತಂದು, ಮಂಚದ ಪಕ್ಕ ಕುಳಿತು ತಿನ್ನಿಸಿದರು. ಮುನಿರಾಜು ಉಳಿದುಕೊಂಡ. ಮಾಲೆ ಕೊರಳಲ್ಲೇ ಇತ್ತು.

ನನ್ನ ಮೇಲಧಿಕಾರಿಗೆ ವರದಿ ಕೊಟ್ಟೆ. ಇನ್ನು ಮುಂದೆ ಮಾಲೆ ಹಾಕುವ ಕಾಲಕ್ಕೆ ಮುಂಚೆಯೇ ಎಲ್ಲ ಹೋಬಳಿಗಳ ಗುರುಸ್ವಾಮಿಗಳನ್ನು ಕಾಣಬೇಕೆಂದೆ. ಅವರು ಕನ್ನಡಕ ತೆಗೆದರು. "ಮಾಲೆ, ಕುಡಿತ, ಎರಡೂ ಒಂದೇ ಕಾಗದದಲ್ಲಿ ಬರೀಬೇಡಿ ಸಿಸ್ಟರ್. ನಾಳೆ ಯಾರಾದ್ರೂ ಗಲಾಟೆ ಮಾಡಿದ್ರೆ ನಿಮ್ಮ ಜೊತೆ ನಾನೂ ಹೋಗ್ತೀನಿ." ಒಳ್ಳೆಯ ಮನುಷ್ಯರೇ, ಹೆದರಿಕೆ ಹೆಚ್ಚು. ಅವರು ಬೇಡವೆಂದೂ ಹೇಳಲಿಲ್ಲ. ಭಾನುವಾರಗಳಂದು ನನ್ನ ಖರ್ಚಿನಲ್ಲಿ ಬಸ್ಸು ಹತ್ತಿದೆ. ಭಾನುವಾರ ನನಗೆ ಬೇರೆ ಕೆಲಸವೂ ಇರಲಿಲ್ಲ.

ಹನುಮಂತರಾಯಪ್ಪನವರೇ ಉಳಿದ ಗುರುಸ್ವಾಮಿಗಳಿಗೆ ಮಾತು ಹೇಳಿಕೊಟ್ಟರು: "ಮಾಲೆ ಕೇಳ್ಕೊಂಡು ಬಂದೋನ್ನ ಒಂದ್ಮಾತು ಕೇಳಿ, ದಿನಾ ತಗೊಳ್ತೀಯಾ ಅಂತ. ಹೂಂ ಅಂದ್ರೆ ಮೊದ್ಲು ಡಾಕ್ಟ್ರ ಹತ್ರ ಹೋಗ್ಬಿಟ್ಟು ಬಾ ಅನ್ನಿ. ದೇವ್ರ ಹತ್ರ ಬರೋನು ಬದುಕಿ ಬರ್ಲಿ." ಹಾಗೆ ಬಂದವರಿಗೆ ಡಾಕ್ಟರು ಮೊದಲ ವಾರ ದಿನದಿನಕ್ಕೆ ಪ್ರಮಾಣ ಇಳಿಸುತ್ತಾ ಹೋಗುವ ಮಾತ್ರೆ ಕೊಟ್ಟು, ಏನು ಕಂಡರೆ ಓಡಿ ಬರಬೇಕೆಂದು ಮನೆಯವರಿಗೆ ಹೇಳಿ ಕಳಿಸುತ್ತಿದ್ದರು. ನನ್ನ ಇಡೀ ನೌಕರಿಯಲ್ಲಿ ನಾನು ಬಿಟ್ಟುಬಂದದ್ದು ಇದೊಂದೇ ಎಂದರೂ ನನಗೆ ಸಾಕು.

ಮುನಿರಾಜು ಬೆಟ್ಟಕ್ಕೆ ಹೋಗಿ ಬಂದ. ಗುರುಸ್ವಾಮಿ ಮಾಲೆ ತೆಗೆದರು. ಮರುದಿನ ಗುರುವಾರ. ನಾನು ಬಸ್ಸಿಳಿಯುವ ಮೊದಲೇ ಬಂದು ಕೇಂದ್ರದ ಬೆಂಚಿನ ಮೇಲೆ ಕುಳಿತಿದ್ದ. ಖಾಲಿ ಕೊರಳನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುತ್ತಿದ್ದ.

"ನಿನ್ನೆನೇ ಕರೆದ್ರು ಸಿಸ್ಟ್ರಮ್ಮ. ಮಾಲೆ ಬಿಚ್ತಲ್ಲ, ಬಾರ್ಲಾ ಅಂತ. ಓಡ್ಬಂದ್ಬಿಟ್ಟೆ. ಇವತ್ತೂ ಕರೀತಾರೆ."

"ಜಯಮ್ಮ ಇದ್ದಾಳಲ್ಲಪ್ಪ. ಮನೇಲಿರು."

"ಅವ್ಳು ಸಂಜೆ ಹೂ ಕಟ್ಟಕ್ಕೆ ಅಕ್ಕಪಕ್ಕದೋರ ಜೊತೆ ಕೂತ್ಕೋತಾಳೆ. ನಾನು ಮನೇಲಿದ್ರೆ ಅವ್ಳಿಗೂ ಹೆಂಗೋ ಆಯ್ತದೆ. ಇಷ್ಟ್ ವರ್ಷ ಸಂಜೆ ಹೊತ್ತು ನಾನು ಮನೇಲಿ ಇದ್ದೋನೇ ಅಲ್ಲ. ಮಾಲೇಲಿದ್ದಾಗ ಸ್ವಾಮಿ ಬನ್ನಿ, ಸ್ವಾಮಿ ಕೂತ್ಕೊಳ್ಳಿ ಅಂತಿದ್ರು. ಭಜನೆ, ಪ್ರಸಾದ, ಹತ್ ಜನ. ಈಗ ನೀರು ಬಿಟ್ಟು ಬಂದ್ಮೇಲೆ ಎಲ್ಲಿಗ್ ಹೋಗ್ಲಿ?"

ಮೊದಲ ವಾರದ ನಡುಕಕ್ಕೆ ಮಾತ್ರೆ ಇದೆ. ಸಂಜೆಗೆ ಇಲ್ಲ. ನನ್ನ ಪಾಠದಲ್ಲಿ ಸಂಜೆಯ ವಿಷಯ ಬರುವುದು ಒಂದೇ ವಾಕ್ಯದಲ್ಲಿ: 'ಹೊಸ ಹವ್ಯಾಸ ಬೆಳೆಸಿಕೊಳ್ಳಲು ತಿಳಿಸಿ.' ಆ ವಾಕ್ಯ ಹೇಳಲು ನನಗೆ ಬಾಯಿ ಬರಲಿಲ್ಲ.

ಅವನೇ ಕೇಳಿದ: "ನೀವೂ ಒಬ್ರೇ ಅಂತಲ್ಲ. ರತ್ನಾ ಹೇಳ್ತಿದ್ಲು. ಸಂಜೆ ಏನ್ ಮಾಡ್ತೀರಾ?"

ರೋಗಿ ನಮ್ಮ ಸ್ವಂತ ವಿಷಯ ಕೇಳಿದರೆ ಪ್ರಶ್ನೆಯನ್ನು ಅವನ ಕಡೆಗೇ ತಿರುಗಿಸಬೇಕು. ನಾನೇ ಕಲಿಸುತ್ತಿದ್ದ ನಿಯಮ. ಆ ದಿನ ಉತ್ತರ ಹೇಳಿದೆ.

"ಮನೆಗೆ ಹೋಗಿ ದೀಪ ಹಚ್ತೀನಿ. ಅನ್ನಕ್ಕಿಡ್ತೀನಿ. ಉಣ್ತೀನಿ. ಪಾತ್ರೆ ತೊಳೀತೀನಿ. ನಾಳೆ ಉಡೋ ಸೀರೆ ತೆಗೆದಿಡ್ತೀನಿ."

"ಆಮೇಲೆ?"

"ಆಮೇಲೆ ಏನೂ ಇಲ್ಲಪ್ಪ."

"ಏನೂ ಇಲ್ವಾ?" ನನ್ನನ್ನೇ ನೋಡಿದ. "ಬೇಜಾರಾಗಾಕಿಲ್ವಾ?"

"ಆಗುತ್ತೆ. ಆದ್ರೂ ಒಂದಾದ್ಮೇಲೆ ಒಂದು ಮಾಡ್ತೀನಿ. ಅಷ್ಟೊತ್ತಿಗೆ ನಿದ್ದೆ ಬರುತ್ತೆ."

ಅವನು ತಲೆ ತಗ್ಗಿಸಿ ನಕ್ಕ. "ನಿಮ್ದೂ ನನ್ ಕಥೇನೇ ಬುಡಿ."

ಮಾರನೆಯ ಸಂಜೆ ಫೋನು ಬಂತು. ರತ್ನಾಳಿಂದ ನಂಬರು ಇಸಿದುಕೊಂಡಿದ್ದ. ರೋಗಿಗಳಿಗೆ ಸ್ವಂತ ನಂಬರು ಕೊಡಬಾರದು, ಇದೂ ನಿಯಮವೇ. ಹೊಸಬರು ಅದನ್ನು ಪಾಲಿಸಿ; ನಾನು ಪಾಲಿಸಲಿಲ್ಲ.

"ಸಿಸ್ಟ್ರಮ್ಮ, ಕೆಳಗಿನ ಬೀದಿ ಮುಗೀತು. ಮನೆ ಕಡೆ ಹೊಂಟಿವ್ನಿ."

"ಸರಿ. ನಾನು ಅನ್ನಕ್ಕಿಟ್ಟೆ."

"ಸರಿ."

ಅಷ್ಟೇ. ಅಂದಿನಿಂದ ಪ್ರತಿ ಸಂಜೆ ಅಷ್ಟೇ. ನಾನು ಬುದ್ಧಿ ಹೇಳಲಿಲ್ಲ, ಅವನು ಆಣೆ ಮಾಡಲಿಲ್ಲ. ವಾಲ್ವ್ ಮುಚ್ಚಿ ಮನೆಗೆ ಬರುವ ದಾರಿಯಲ್ಲಿ ಹೆಂಡದಂಗಡಿಯ ತಿರುವು ದಾಟುವಷ್ಟು ಹೊತ್ತು ಮಾತು. ವಿಷಯ ಶ್ವೇತಾಗೆ ಹೇಳಿದೆ. ಅವರು ಬೈಯುತ್ತಾರೆಂದುಕೊಂಡಿದ್ದೆ. "ಚಿಕಿತ್ಸೆ ನಾನು ನೋಡ್ಕೊತೀನಿ ಸಿಸ್ಟರ್. ನೀವು ಅನ್ನ ನೋಡ್ಕೊಳ್ಳಿ," ಎಂದರು.

ಊರಿಗೆ ಅವನ ಮೇಲೆ ಸಿಟ್ಟು ಬಂತು. ಪ್ಯಾಕೆಟ್ಟು ಬೇಡವೆಂದ ಮೇಲೆ ಎಲ್ಲ ಬೀದಿಗೂ ಒಂದೇ ಲೆಕ್ಕದ ನೀರು. 'ಬೆಟ್ಟಕ್ಕೆ ಹೋಗ್ಬಂದು ಜಡ್ಜ್ ಆಗವ್ನೆ' ಎಂದು ಆಡಿಕೊಂಡರು. ಜೊತೆ ಕುಡಿದವರು ಎದುರು ಸಿಕ್ಕರೂ ಮೊಬೈಲ್ ನೋಡುತ್ತಾ ದಾಟಿಹೋಗುತ್ತಿದ್ದರಂತೆ. ಒಂದು ತಿಥಿಯ ಮನೆಯಲ್ಲಿ ಅವನು ಜಾರಿದ. ಆ ಸಂಜೆಯೂ ಫೋನು ಮಾಡಿ, "ಇವತ್ತು ತಗೊಂಡ್ಬಿಟ್ಟೆ," ಎಂದ. ನಾಲಿಗೆ ತೊದಲುತ್ತಿತ್ತು. "ನಾಳೆ ಬೆಳಗ್ಗೆ ಡಾಕ್ಟ್ರ ಹತ್ರ ಹೋಗು," ಎಂದೆ. ಶ್ವೇತಾ ಅವನನ್ನು ಬೈಯಲಿಲ್ಲ. ಯಾರು ಕೊಟ್ಟರು, ಮುಂದಿನ ಸಲ ಅವರಿಗೆ ಏನು ಹೇಳುತ್ತೀರಿ ಎಂದು ಕೇಳಿ, ಆ ಮಾತನ್ನು ಅವನ ಬಾಯಲ್ಲೇ ಹೇಳಿಸಿದರಂತೆ. ಪರದೆಯ ಹಿಂದೆ ಅವರು ಎಷ್ಟು ಬೆಳೆದಿದ್ದರೆಂದು ನನಗೆ ಆಗ ತಿಳಿಯಿತು. ಅವರಿಗೆ ನನ್ನ ಅಗತ್ಯ ಮುಗಿದಿತ್ತು.

ಕೆಲಕಾಲದ ಮೇಲೆ ಶ್ವೇತಾ ಮೇಲಿನ ಓದಿಗೆ ಹೋದರು. ನಾನು ನಿವೃತ್ತಳಾದೆ. ಹಾರ, ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ. ಅದೇ ಮನೆ, ಅದೇ ದಿನಚರಿ, ಬಸ್ಸು ಮಾತ್ರ ಇಲ್ಲ. ಸೋಮವಾರವೂ ಗುರುವಾರವೂ ಒಂದೇ ಥರ ಆದವು. ಫೋನು ಮಾತ್ರ ಬರುತ್ತಿತ್ತು. 'ಕೆಳಗಿನ ಬೀದಿ ಮುಗೀತು.' 'ಅನ್ನಕ್ಕಿಟ್ಟೆ.' ಆ ಎರಡು ಮಾತಿನ ಸುತ್ತ ನನ್ನ ದಿನ ನಿಂತಿತ್ತು ಎಂದು ಬರೆಯಲು ಸಂಕೋಚವಿಲ್ಲ.

ಕಳೆದ ಅವರೆಕಾಯಿ ಕಾಲದ ಒಂದು ಸಂಜೆ ಫೋನು ಬರಲಿಲ್ಲ. ದೀಪ ಹಚ್ಚಿದೆ. ಅಕ್ಕಿ ತೊಳೆದೆ. ಅನ್ನ ಕುದಿಯಿತು. ಬೀದಿ ದೀಪಗಳು ಹತ್ತಿದವು. ನಾನೇ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಅವನ ಹೊಟ್ಟೆಯೊಳಗೆ ಒಮ್ಮೆ ಒಡೆದಿದ್ದ ರಕ್ತನಾಳಗಳು, ತಿರುವಿನ ಅಂಗಡಿ, ಬೆಂಗಳೂರಿನವರು ಬರೆದಿದ್ದ ಚೀಟಿ ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಮಧುರೆ ಕಡೆಗೆ ಈಗ ಬಸ್ಸಿದೆಯೇ ಎಂದು ಯೋಚಿಸುತ್ತಾ, ಚಪ್ಪಲಿ ಮೆಟ್ಟಿಕೊಂಡೇ ಜಯಮ್ಮನಿಗೆ ಫೋನು ಮಾಡಿದೆ.

ಆ ಕಡೆ ನಗು, ಮಕ್ಕಳ ಗಲಾಟೆ. "ಯಾರು? ಸಿಸ್ಟ್ರಮ್ಮಾನಾ? ಜೋರಾಗ್ ಮಾತಾಡಿ, ಕೇಳ್ಸಾಕಿಲ್ಲ."

"ಮುನಿರಾಜು ಎಲ್ಲಮ್ಮ?"

"ಇಲ್ಲೇ ಅವ್ರೆ. ರತ್ನಾ ಅವ್ರೂರಿಂದ ಮೂಟೆ ಅವರೆಕಾಯಿ ತಂದವ್ಳೆ. ಬೀದಿಯೋರೆಲ್ಲ ಸೇರ್ಕೊಂಡು ನೆನೆಸಿದ್ ಕಾಳು ಹಿದುಕ್ತಾ ಇದ್ದೀವಿ. ಇವ್ರದ್ದು ಬರೀ ಮಾತು, ಒಂದ್ ಕಾಳೂ ನೆಟ್ಟಗೆ ಹಿದುಕಾಕಿಲ್ಲ. ರೀ, ತಗಳ್ರೀ!"

ಫೋನು ಕೈ ಬದಲಾಯಿತು. "ಅಯ್ಯೋ ಸಿಸ್ಟ್ರಮ್ಮ! ಮರ್ತೇಬಿಟ್ಟೆ ಕಣ್ರಮ್ಮ. ಮಾತಿಗ್ ಕೂತ್ಕೊಂಡ್ಬಿಟ್ಟೆ."

"ಪರವಾಗಿಲ್ಲಪ್ಪ."

"ಮೊಬೈಲು ಒಳಗೈತೆ. ಗೊತ್ತೇ ಆಗ್ಲಿಲ್ಲ. ಬೇಜಾರಾಯ್ತಾ?"

"ಇಲ್ಲ."

"ನಾಳೆ ಮಾಡ್ತೀನಿ, ತಪ್ಪಿಸಾಕಿಲ್ಲ."

"ನಾಳೆ ಮರೆತ್ರೂ ಪರವಾಗಿಲ್ಲ," ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ. ಯಾರೋ ಅವನನ್ನು ರೇಗಿಸಿದರು, ಎಲ್ಲರೂ ನಕ್ಕರು, ಅವನೂ ನಗುತ್ತಲೇ ಫೋನಿಟ್ಟ.

ಹೊಸಬರು ತರಬೇತಿಯಲ್ಲಿ ನನ್ನನ್ನು ಕೇಳುತ್ತಿದ್ದರು, ಒಬ್ಬ ಮನುಷ್ಯ ದಾಟಿದ ಎಂದು ಹೇಗೆ ತಿಳಿಯುವುದು ಎಂದು. ನಾನು ರಕ್ತ ಪರೀಕ್ಷೆ, ತೂಕ, ನಿದ್ದೆ ಎಂದೆಲ್ಲ ಹೇಳುತ್ತಿದ್ದೆ. ಈಗ ಕೇಳಿದರೆ, ಅವನು ನಿಮಗೆ ಫೋನು ಮಾಡುವುದನ್ನು ಮರೆಯುತ್ತಾನೆ ಎನ್ನುತ್ತೇನೆ. ಅದು ಬಂದಾಗ ಸಂತೋಷಪಡಿ; ಸಂತೋಷಪಡಲು ಸ್ವಲ್ಪ ಹೊತ್ತು ಬೇಕಾಗಬಹುದು.

ಚಪ್ಪಲಿ ತೆಗೆದು ಅದರ ಜಾಗದಲ್ಲಿಟ್ಟೆ. ಅನ್ನ ಸ್ವಲ್ಪ ತಳ ಹಿಡಿದಿತ್ತು. ತಟ್ಟೆಗೆ ಬಡಿಸಿಕೊಂಡು, ಫೋನನ್ನು ಒಳಗಿನ ಕೋಣೆಯಲ್ಲಿಟ್ಟು ಬಂದು ಊಟಕ್ಕೆ ಕುಳಿತೆ.